ಒಣ ಕಲ್ಲನ್ನು ಉಪ್ಪುನೀರಿನ ತೊಟ್ಟಿಗೆ ಸಿದ್ಧಪಡಿಸುವುದು ಹೇಗೆ?

ಪ್ರಶ್ನೆ: ಹವಳ ಮತ್ತು ಮೀನುಗಳನ್ನು ಸಾಕಲು 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಸಿದ್ಧಪಡಿಸುತ್ತಿದ್ದೇನೆ. ಪರಿಚಯದವರೊಬ್ಬರು ತಮ್ಮ ಹವಳದ ತೊಟ್ಟಿಯನ್ನು ಬಿಚ್ಚಿದಾಗ ತೆಗೆದಿಟ್ಟಿದ್ದ ಸುಮಾರು 20 ಕಿಲೋ ಕಲ್ಲನ್ನು ಕೊಟ್ಟಿದ್ದಾರೆ. ಕಲ್ಲುಗಳು ಎರಡು ವರ್ಷ ಪೆಟ್ಟಿಗೆಯಲ್ಲೇ ಒಣಗಿದ್ದವು. ಒಂದೆರಡನ್ನು ಬಕೆಟ್ಟಿನಲ್ಲಿ ನೆನೆಹಾಕಿದಾಗ ಮೂರನೆಯ ದಿನಕ್ಕೇ ನೀರು ಹಳದಿಗಟ್ಟಿ ಕೊಳೆತ ವಾಸನೆ ಬಂತು. ತೊಳೆದು ಹಾಕಿದರೆ ಸಾಕು ಎನ್ನುವವರಿದ್ದಾರೆ, ಬ್ಲೀಚ್ ಸಾಕು ಎನ್ನುವವರಿದ್ದಾರೆ, ಆಸಿಡ್‌ನಲ್ಲಿ ಅದ್ದಲೇಬೇಕು ಎನ್ನುವವರೂ ಇದ್ದಾರೆ. ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕು? ಮೀನು ಬಿಡಲು ಎಷ್ಟು ಕಾಲ ಕಾಯಬೇಕು? ಕುದಿಸಿಬಿಟ್ಟರೆ ಕೆಲಸ ಬೇಗ ಮುಗಿಯುವುದಿಲ್ಲವೇ?

ಉತ್ತರ: ನೀವು ಕೊನೆಯಲ್ಲಿ ಕೇಳಿದ ಕುದಿಸುವ ವಿಚಾರಕ್ಕೇ ಮೊದಲು ಉತ್ತರಿಸುತ್ತೇನೆ. ಉಳಿದ ಹಂತಗಳಲ್ಲಿ ಎಡವಿದರೆ ತೊಟ್ಟಿ ಕೆಡುತ್ತದೆ, ಇಲ್ಲಿ ಎಡವಿದರೆ ಮನೆಯವರ ಆರೋಗ್ಯವೇ ಕೆಡುತ್ತದೆ. ಹವಳದ ತೊಟ್ಟಿಯಿಂದ ಬಂದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಓವನ್ನಿನಲ್ಲಿ ಕಾಯಿಸಬೇಡಿ, ಹಬೆಯಿಂದ ತೊಳೆಯಬೇಡಿ. ಇಂತಹ ತೊಟ್ಟಿಗಳಲ್ಲಿ ಹವಳದ ಬಂಧುಗಳಾದ, ಗುಂಪಾಗಿ ಬೆಳೆಯುವ ಜೊವಾಂಥಿಡ್‌ಗಳೆಂಬ ಮೃದು ಜೀವಿಗಳನ್ನು ಸಾಕುವುದು ಬಹಳ ಸಾಮಾನ್ಯ. ಅವುಗಳಲ್ಲಿ ಕೆಲವು, ಮುಖ್ಯವಾಗಿ ಪಾಲಿಥೋವಾ ಗುಂಪಿನವು, ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರವಾದ ವಿಷವನ್ನು ಹೊಂದಿರುತ್ತವೆ. ಕುದಿಯುವ ನೀರಿನ ಬಿಸಿಗೆ ಈ ವಿಷ ನಾಶವಾಗುವುದಿಲ್ಲ. ಹಬೆಯೊಂದಿಗೆ ಮೇಲೆದ್ದ ಸೂಕ್ಷ್ಮ ಹನಿಗಳು ಉಸಿರಿನ ಮೂಲಕ ದೇಹ ಸೇರುತ್ತವೆ. ಹೀಗೆ ಕಲ್ಲು ಕುದಿಸಿದ ಮನೆಗಳಲ್ಲಿ ಎಲ್ಲರೂ ಉಸಿರಾಟದ ತೊಂದರೆ, ಜ್ವರ, ಕಣ್ಣುರಿಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಇದಲ್ಲದೆ, ಮುಚ್ಚಿದ ರಂಧ್ರಗಳಲ್ಲಿ ಸಿಕ್ಕಿಬಿದ್ದ ನೀರು ಹಬೆಯಾಗಿ ಹಿಗ್ಗಿದಾಗ ಕಲ್ಲು ಸಿಡಿಯುವ ಅಪಾಯವೂ ಇದೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ನಿಮಗೆ ಸಲಹೆ ಕೊಟ್ಟ ಮೂವರೂ ತಪ್ಪು ಹೇಳಿಲ್ಲ. ಅವರವರಿಗೆ ಸಿಕ್ಕ ಕಲ್ಲುಗಳ ಮಟ್ಟಿಗೆ ಅವರ ಮಾತು ಸರಿಯಿದ್ದಿರಬಹುದು. ಒಣ ಕಲ್ಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳಿರುತ್ತವೆ. ಒಂದು, ರಂಧ್ರಗಳೊಳಗೆ ಸತ್ತು ಒಣಗಿ ಉಳಿದ ಜೀವಿಗಳ ಅವಶೇಷ. ಇನ್ನೊಂದು, ಕಲ್ಲಿನ ಮೈಗೇ ಅಂಟಿಕೊಂಡ ಫಾಸ್ಫೇಟ್. ಮೂರನೆಯದು, ಮೀನಿನ ತ್ಯಾಜ್ಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ಇಲ್ಲದಿರುವುದು. ಬ್ಲೀಚ್ ಮೊದಲನೆಯದನ್ನು ಮಾತ್ರ ನಿವಾರಿಸುತ್ತದೆ. ಆಮ್ಲವು ಮುಖ್ಯವಾಗಿ ಎರಡನೆಯದಕ್ಕೆ ಪರಿಹಾರ. ಮೂರನೆಯದಕ್ಕೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಎಲ್ಲ ಕಲ್ಲಿಗೂ ಒಂದೇ ಸಂಸ್ಕಾರ ಮಾಡುವ ಬದಲು, ನಿಮ್ಮ ಕಲ್ಲಿನಲ್ಲಿ ಯಾವ ತೊಂದರೆ ಎಷ್ಟಿದೆ ಎಂದು ಅಳೆದು, ಅಷ್ಟಕ್ಕೆ ಬೇಕಾದುದನ್ನು ಮಾತ್ರ ಮಾಡುವುದು ಸರಿಯಾದ ದಾರಿ.

ಕಲ್ಲಿನ ಮೂಲ ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಬಹಳ ಹಿಂದೆ ಸಮುದ್ರ ಹಿಂದೆ ಸರಿದ ಕಡೆ ನೆಲದಡಿ ಉಳಿದ ಹವಳದ ದಿಬ್ಬಗಳಿಂದ ಅಗೆದು ತೆಗೆದ ಕಲ್ಲಿನಲ್ಲಿ ಜೀವಿಗಳ ಅವಶೇಷ ಇರುವುದೇ ಇಲ್ಲ. ಅದರಲ್ಲಿ ಮಣ್ಣು, ದೂಳು ಮತ್ತು ಕೆಲವೊಮ್ಮೆ ಫಾಸ್ಫೇಟ್ ಇರುತ್ತದೆ. ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲಿನ ಸಮಸ್ಯೆಯೇ ಬೇರೆ. ಅದರಿಂದ ಸುಣ್ಣದ ಕ್ಷಾರ ಹೊರಬಂದು ನೀರಿನ ಪಿಎಚ್ ವಿಪರೀತ ಏರುವುದರಿಂದ, ಪಿಎಚ್ ಸಹಜ ಮಟ್ಟಕ್ಕೆ ಬರುವವರೆಗೆ ನೀರು ಬದಲಿಸುತ್ತ ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಬೇಕಾಗುತ್ತದೆ. ನಿಮ್ಮ ಬಳಿ ಇರುವುದು ಒಂದು ಕಾಲಕ್ಕೆ ಜೀವಂತವಾಗಿದ್ದು, ಅದರೊಳಗಿನ ಜೀವಿಗಳೆಲ್ಲ ಇದ್ದಲ್ಲೇ ಸತ್ತು ಒಣಗಿದ ಕಲ್ಲು. ಮೂರು ಬಗೆಗಳಲ್ಲಿ ಹೆಚ್ಚು ಕೆಲಸ ಬೇಡುವುದು ಇದೇ, ಆದರೆ ಚೆನ್ನಾಗಿ ಸಿದ್ಧಪಡಿಸಿದರೆ ರಂಧ್ರಗಳ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕಲ್ಲು ಸಿಗುವುದು ಕಷ್ಟ.

ಕೆಲಸ ಆರಂಭಿಸುವ ಮುನ್ನ ಕಲ್ಲು ಕೊಟ್ಟವರನ್ನು ಒಂದು ವಿಷಯ ತಪ್ಪದೆ ಕೇಳಿ: ಆ ತೊಟ್ಟಿಯಲ್ಲಿ ಮೀನಿನ ಕಾಯಿಲೆಗೆ ಯಾವಾಗಲಾದರೂ ತಾಮ್ರದ ಔಷಧ ಹಾಕಿದ್ದರೇ? ಸುಣ್ಣದ ಕಲ್ಲು ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡಬಲ್ಲದು. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಹವಳ, ಸೀಗಡಿ, ಬಸವನಹುಳುಗಳಿಗೆ ಮಾರಕ. ಹೌದು ಎಂಬ ಉತ್ತರ ಬಂದರೆ ಆ ಕಲ್ಲನ್ನು ಹವಳದ ತೊಟ್ಟಿಗೆ ಬಳಸುವ ಆಸೆಯನ್ನು ಬಿಡಿ ಎಂದೇ ನಾನು ಹೇಳುತ್ತೇನೆ. ಮೀನುಗಳಷ್ಟೇ ಇರುವ ತೊಟ್ಟಿಗೆ ಅದು ಆದೀತು.

ನಂತರ ಒಂದೊಂದೇ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ. ತುಕ್ಕಿನ ಬಣ್ಣದ ಗೆರೆ, ಲೋಹದಂತೆ ಹೊಳೆಯುವ ಪದರ, ಎಣ್ಣೆಯ ಜಿಡ್ಡು ಕಂಡರೆ ಆ ಕಲ್ಲನ್ನು ಪಕ್ಕಕ್ಕಿಡಿ. ಗುರುತು ಸಿಗದ ಕಲ್ಲಿನ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲಾದರೆ ಸಣ್ಣ ಗುಳ್ಳೆಗಳೇಳುತ್ತವೆ. ಒಂದು ಕಲ್ಲನ್ನಾದರೂ ಒಡೆದು ಒಳಗನ್ನು ನೋಡುವುದು ಬಹಳ ಉಪಯುಕ್ತ. ಹೊರಗೆ ಬೆಳ್ಳಗೆ ಕಾಣುವ ಎಷ್ಟೋ ಕಲ್ಲುಗಳ ಒಳಗೋಡೆಗಳಿಗೆ ತೊಗಲಿನಂತಹ ಕಂದು ಪೊರೆ ಅಂಟಿರುತ್ತದೆ. ಅದು ಒಣಗಿದ ಸ್ಪಂಜು. ಅದರ ನಡುವೆ ಹುಳುಗಳ ಸುಣ್ಣದ ಕೊಳವೆಗಳು, ಚಿಪ್ಪಿನ ಜೀವಿಗಳ ಖಾಲಿ ಗೂಡುಗಳು, ಒತ್ತಿದರೆ ಪುಡಿಯಾಗುವ ಬೂದು ಕೆಸರು ಕಾಣುತ್ತವೆ. ನಿಮ್ಮ ಬಕೆಟ್ಟಿನ ನೀರು ಹಳದಿಗಟ್ಟಲು ಕಾರಣ ಇದೇ: ಎರಡು ವರ್ಷ ಒಣಗಿ ನಿಂತಿದ್ದ ಕೊಳೆಯುವಿಕೆ ನೀರು ಸಿಕ್ಕಿದೊಡನೆ ಮತ್ತೆ ಆರಂಭವಾಗಿದೆ. ಈ ಪೊರೆ ಅಮೋನಿಯಾ ಬಿಡುತ್ತದೆ ಎಂಬುದಕ್ಕಿಂತಲೂ, ರಂಧ್ರಗಳನ್ನು ಮುಚ್ಚಿಬಿಡುತ್ತದೆ ಎಂಬುದು ದೊಡ್ಡ ನಷ್ಟ. ಕಲ್ಲಿನ ಒಳಭಾಗದಲ್ಲಿ ಆಮ್ಲಜನಕ ಕಡಿಮೆಯಿರುವ ಜಾಗಗಳಲ್ಲೇ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅಲ್ಲಿಗೆ ನೀರು ನಿಧಾನವಾಗಿಯಾದರೂ ತಲುಪಬೇಕು.

ಫಾಸ್ಫೇಟಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಬಿಡದೆ ಕಾಡುವ ಹಸಿರು ಕೂದಲು ಪಾಚಿಗೆ ಒಣ ಕಲ್ಲಿನ ಫಾಸ್ಫೇಟೇ ಕಾರಣವಾಗಿರುವುದು ಹೆಚ್ಚು. ಕ್ಯಾಲ್ಸಿಯಂ ಕಾರ್ಬೊನೇಟಿನ ಮೇಲ್ಮೈಗೆ ಫಾಸ್ಫೇಟ್ ಸುಲಭವಾಗಿ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ಕಲ್ಲು ಅದನ್ನು ಹೀರುತ್ತದೆ, ನೀರಿನಲ್ಲಿ ಕಡಿಮೆಯಾದರೆ ಕಲ್ಲು ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ಮೀನಿನ ಆಹಾರ ಬಿದ್ದ ತೊಟ್ಟಿಯಲ್ಲಿದ್ದ ಕಲ್ಲು ಸಾಕಷ್ಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಂದು ಲೆಕ್ಕ ನೋಡಿ: ಪ್ರತಿ ಕಿಲೋ ಕಲ್ಲು ಬರೀ 50 ಮಿಲಿಗ್ರಾಂ ಫಾಸ್ಫೇಟ್ ಬಿಟ್ಟಿತು ಎಂದುಕೊಂಡರೂ 20 ಕಿಲೋಗೆ ಒಂದು ಗ್ರಾಂ ಆಗುತ್ತದೆ, 200 ಲೀಟರಿಗೆ ಹಂಚಿದರೆ ಲೀಟರಿಗೆ 5 ಮಿಲಿಗ್ರಾಂ. ಹವಳದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಬಯಸುವ ಮಟ್ಟ ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ. ನೀರು ಬದಲಿಸಿದರೆ ಹೋಗುತ್ತದೆ ಎಂದುಕೊಂಡರೆ, ಬದಲಿಸಿದ ಕೆಲವೇ ದಿನಗಳಲ್ಲಿ ಕಲ್ಲಿನಿಂದ ಹೊಸದಾಗಿ ಇಳಿದು ಮಟ್ಟ ಮತ್ತೆ ಹಿಂದಿನದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ನಿಮ್ಮ ಕಲ್ಲಿನಲ್ಲಿ ಅವಶೇಷ ಧಾರಾಳವಾಗಿದೆ ಎಂಬುದನ್ನು ವಾಸನೆಯೇ ಹೇಳಿದೆ. ಹಾಗಾಗಿ ಬ್ಲೀಚ್ ಹಂತವನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಮೊದಲು ಬ್ರಷ್, ಆಮೇಲೆ ಬ್ಲೀಚ್ ಎಂದು ಹೇಳುವುದುಂಟು. ಹವಳದ ತೊಟ್ಟಿಯಿಂದ ಬಂದ, ಪೂರ್ವಾಪರ ತಿಳಿಯದ ಕಲ್ಲಿಗೆ ನಾನು ಈ ಕ್ರಮವನ್ನು ತಿರುಗಿಸುತ್ತೇನೆ. ಒಣ ಕಲ್ಲನ್ನು ಉಜ್ಜಿದಾಗ ಏಳುವ ದೂಳಿನಲ್ಲಿ ಮೇಲೆ ಹೇಳಿದ ವಿಷವಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಬ್ಲೀಚ್ ಆ ವಿಷವನ್ನು ಒಡೆಯುತ್ತದೆ. ಆದ್ದರಿಂದ ಮೊದಲು ಬ್ಲೀಚ್‌ನಲ್ಲಿ ನೆನೆಸಿ, ಆಮೇಲೆ ಒದ್ದೆಯಾಗಿರುವಾಗಲೇ ಉಜ್ಜಿ, ಮತ್ತೊಮ್ಮೆ ಬ್ಲೀಚ್‌ಗೆ ಹಾಕಿ. ಕೈಗವಸು ಮತ್ತು ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ ಎಲ್ಲ ಹಂತಗಳಲ್ಲೂ ಇರಲಿ. ಕೈಯಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಈ ಕೆಲಸಕ್ಕೆ ಇಳಿಯಬೇಡಿ.

ಬ್ಲೀಚ್ ಎಂದರೆ ಸುಗಂಧ, ನೊರೆ, ಸೋಪಿನ ಅಂಶ ಯಾವುದೂ ಬೆರೆಯದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಮನೆಬಳಕೆಗೆ ಸಿಗುವ ಸುಮಾರು 5 ಶೇಕಡದ ದ್ರಾವಣವಾದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಬಹುದು. ದೊಡ್ಡ ಪ್ಲಾಸ್ಟಿಕ್ ಡ್ರಮ್ ಅಥವಾ ಟಬ್ಬಿನಲ್ಲಿ ಕಲ್ಲು ಪೂರ್ತಿ ಮುಳುಗುವಂತೆ ಇಟ್ಟು, ಹಳೆಯ ಪಂಪೊಂದನ್ನು ಹಾಕಿ ನೀರು ಓಡಾಡುತ್ತಿರುವಂತೆ ನೋಡಿಕೊಳ್ಳಿ. ನಿಂತ ನೀರಿನಲ್ಲಿ ಬ್ಲೀಚ್ ಕಲ್ಲಿನ ಹೊರಮೈಯಲ್ಲೇ ಖರ್ಚಾಗಿಹೋಗುತ್ತದೆ, ಒಳಗಿನ ರಂಧ್ರಗಳಿಗೆ ತಲುಪುವುದಿಲ್ಲ. ಅವಶೇಷ ಹೆಚ್ಚಿರುವ ಕಲ್ಲಿನಲ್ಲಿ ಮೊದಲ ದಿನವೇ ನೀರು ಕಂದಾಗಿ, ಮೇಲೆ ಕೊಳೆಯ ನೊರೆ ಕಟ್ಟಿ, ಕ್ಲೋರಿನ್ ವಾಸನೆ ಇಲ್ಲವಾಗುತ್ತದೆ. ಕೆಲಸ ಮುಗಿಯಿತು ಎಂಬ ಸೂಚನೆ ಅದಲ್ಲ, ಬ್ಲೀಚ್ ಮುಗಿಯಿತು ಎಂಬ ಸೂಚನೆ. ಆ ನೀರನ್ನು ಚೆಲ್ಲಿ ಹೊಸ ದ್ರಾವಣ ಹಾಕಬೇಕು. ಎರಡು ಮೂರು ದಿನ ಕಳೆದರೂ ನೀರಿನ ಬಣ್ಣ ಬದಲಾಗದೆ ಕ್ಲೋರಿನ್ ವಾಸನೆ ಉಳಿದಿದ್ದರೆ ಒಳಗೆ ಉರಿಯಲು ಹೆಚ್ಚೇನೂ ಉಳಿದಿಲ್ಲ ಎಂದರ್ಥ. ಇದಕ್ಕೆ ಒಟ್ಟು ಒಂದರಿಂದ ಎರಡು ವಾರ ಬೇಕಾಗಬಹುದು. ಬ್ಲೀಚ್ ಕಲ್ಲನ್ನು ಕರಗಿಸುವುದಿಲ್ಲವಾದ್ದರಿಂದ ಕಾಲ ಹೆಚ್ಚಾದರೂ ನಷ್ಟವಿಲ್ಲ.

ಆಮೇಲೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು, ಉಳಿದ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟಿನಿಂದ ಕಳೆಯಿರಿ. ಅಕ್ವೇರಿಯಂ ಅಂಗಡಿಗಳಲ್ಲಿ ಕ್ಲೋರಿನ್ ನಿವಾರಕವಾಗಿ ಸಿಗುವುದು ಬಹುಮಟ್ಟಿಗೆ ಇದೇ. ಕ್ಲೋರಿನ್ ಪರೀಕ್ಷೆಯ ಪಟ್ಟಿ ಸೊನ್ನೆ ತೋರಿಸುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಅನಂತರ ಹಲವು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಬ್ಲೀಚ್ ಮತ್ತು ಆಮ್ಲ ಒಂದನ್ನೊಂದು ಎಂದೂ ಸೇರಬಾರದು. ಸೇರಿದೊಡನೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ಅದು ಪ್ರಾಣಾಪಾಯಕಾರಿ. ಥಯೋಸಲ್ಫೇಟ್ ಉಳಿದಿದ್ದರೂ ಆಮ್ಲದೊಂದಿಗೆ ಉಸಿರು ಕಟ್ಟಿಸುವ ಗಂಧಕದ ಡೈಆಕ್ಸೈಡ್ ಹೊರಡುತ್ತದೆ. ಎರಡು ಹಂತಗಳ ನಡುವೆ ಚೆನ್ನಾಗಿ ತೊಳೆದು ಒಣಗಿಸುವುದನ್ನು ಬಿಡಬಾರದು ಎನ್ನುವುದು ಈ ಕಾರಣಕ್ಕೆ.

ಈಗ ಆಮ್ಲ ಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಯ. ಇಲ್ಲಿ ಊಹೆ ಬೇಡ, ಅಳೆಯಿರಿ. ಒಂದು ಕಿಲೋದಷ್ಟು ಕಲ್ಲನ್ನು 10 ಲೀಟರ್ ಹೊಸ ಉಪ್ಪುನೀರಿನಲ್ಲಿ ಇಡಿ. ನಿಮ್ಮ ತೊಟ್ಟಿಯಲ್ಲಿ ಕಲ್ಲಿಗೂ ನೀರಿಗೂ ಇರುವ ಅನುಪಾತ ಇದೇ ಆದ್ದರಿಂದ ಫಲಿತಾಂಶ ನೇರವಾಗಿ ಹೊಂದುತ್ತದೆ. ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ ಉಪ್ಪುನೀರಿನ ವರ್ತನೆಯನ್ನು ತೋರಿಸದು. ಸಣ್ಣ ಪಂಪು ಓಡಲಿ, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಬೆಳಕು ಬೀಳದಿರಲಿ. ಒಂದು ವಾರದ ನಂತರ ಫಾಸ್ಫೇಟ್ ಮತ್ತು ಅಮೋನಿಯಾ ಅಳೆಯಿರಿ, ನೀರನ್ನು ಪೂರ್ತಿ ಬದಲಿಸಿ ಇನ್ನೊಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡನೆಯ ಅಳತೆಯೇ ಹೆಚ್ಚು ನಂಬಲರ್ಹ, ಏಕೆಂದರೆ ಮೊದಲ ವಾರದಲ್ಲಿ ಮೇಲಿನ ದೂಳು ಬಿಟ್ಟದ್ದು ಮತ್ತು ಕಲ್ಲಿನ ಮೈಯಿಂದ ಇಳಿದದ್ದು ಎರಡೂ ಬೆರೆತಿರುತ್ತವೆ. ಅಂದಹಾಗೆ, ಕೆಲವು ಅಳತೆಯ ಉಪಕರಣಗಳು ಫಾಸ್ಫೇಟಿನ ಬದಲು ರಂಜಕವನ್ನು ಶತಕೋಟಿಯ ಭಾಗಗಳಲ್ಲಿ ತೋರಿಸುತ್ತವೆ. ಆ ಸಂಖ್ಯೆಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಫಾಸ್ಫೇಟ್ ಎಂಬುದು ಸಿಗುತ್ತದೆ. ಉಪಕರಣದಲ್ಲಿ 33 ಎಂದು ಬಂದರೆ ಅದು ಸುಮಾರು 0.1 ಮಿಲಿಗ್ರಾಂ.

ಎರಡನೆಯ ವಾರದ ಅಳತೆ 0.1ರ ಒಳಗಿದ್ದರೆ ಆಮ್ಲದ ಸುದ್ದಿಗೇ ಹೋಗಬೇಡಿ. 0.1ರಿಂದ 0.5ರವರೆಗೆ ಇದ್ದರೆ ಮುಂದೆ ಹೇಳುವ ಉಪ್ಪುನೀರಿನ ಹದದಲ್ಲೇ ಇಳಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಆಮ್ಲ ಸ್ನಾನ ಕಾಲವನ್ನು ಉಳಿಸುತ್ತದೆ. ಈ ಗಡಿಗಳು ಯಾವ ನಿಯಮವೂ ಅಲ್ಲ, ನನ್ನ ವಿವೇಚನೆಗೆ ಸರಿ ಕಂಡ ಸಂಖ್ಯೆಗಳು. ಆಮ್ಲವನ್ನು ನಿಭಾಯಿಸುವ ಧೈರ್ಯ ಇಲ್ಲದವರು, ಮನೆಯಲ್ಲಿ ತೆರೆದ ಜಾಗ ಇಲ್ಲದವರು, ಚಿಕ್ಕ ಮಕ್ಕಳಿರುವವರು ಎಷ್ಟೇ ಫಾಸ್ಫೇಟ್ ಇದ್ದರೂ ಉಪ್ಪುನೀರಿನ ಹದದ ದಾರಿಯನ್ನೇ ಹಿಡಿಯಲಿ. ಆಗುವ ನಷ್ಟ ಕೆಲವು ವಾರಗಳು ಮಾತ್ರ.

ಆಮ್ಲ ಬಳಸುವುದಾದರೆ ಅದು ಏನು ಮಾಡುತ್ತದೆ ಎಂಬ ಲೆಕ್ಕ ತಿಳಿದಿರಲಿ. 30 ಶೇಕಡದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರ್ ತೆಗೆದುಕೊಂಡರೆ ಅದು ಸುಮಾರು 470 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತದೆ, ಜೊತೆಗೆ ಸುಮಾರು 115 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ನಿಮ್ಮ 20 ಕಿಲೋ ಕಲ್ಲಿಗೆ ಒಂದು ಲೀಟರ್ ಎಂದರೆ ತೂಕದಲ್ಲಿ 2ರಿಂದ 3 ಶೇಕಡ ಹೊರಪದರ ಹೋದಂತೆ. ಫಾಸ್ಫೇಟ್ ಹೆಚ್ಚಾಗಿ ಅಂಟಿರುವುದು ಆ ಮೇಲ್ಮೈಯಲ್ಲೇ ಆದ್ದರಿಂದ ಅಷ್ಟು ಕರಗಿದರೆ ದೊಡ್ಡ ಪ್ರಯೋಜನವಾಗುತ್ತದೆ. ಲೀಟರ್ ಮೇಲೆ ಲೀಟರ್ ಸುರಿಯುತ್ತ ಹೋದರೆ ಸೂಕ್ಷ್ಮವಾದ ಗೋಡೆಗಳು ಕರಗಿ ರಂಧ್ರಗಳೇ ದೊಡ್ಡದಾಗುತ್ತವೆ, ಯಾವುದಕ್ಕಾಗಿ ಈ ಕಲ್ಲನ್ನು ಆರಿಸಿದೆವೋ ಅದೇ ಕಡಿಮೆಯಾಗುತ್ತದೆ.

ವಿಧಾನ ಹೀಗೆ. ಗಾಳಿ ಧಾರಾಳವಾಗಿ ಓಡಾಡುವ ಬಯಲಿನಲ್ಲಿ ಮಾತ್ರ ಮಾಡಿ. ಪ್ಲಾಸ್ಟಿಕ್ ಟಬ್ಬನ್ನೇ ಬಳಸಿ, ಲೋಹದ ಪಾತ್ರೆ, ಸಲಾಕೆ ಬೇಡ. ಮೊದಲು ಕಲ್ಲು ಮುಳುಗುವಷ್ಟು ನೀರು ತುಂಬಿ, ಅದಕ್ಕೆ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಆಮ್ಲಕ್ಕೆ ನೀರು ಸುರಿಯುವುದು ಎಂದೂ ಕೂಡದು, ಅದು ಕುದಿದು ಮೈಮೇಲೆ ಸಿಡಿಯುತ್ತದೆ. ಒಟ್ಟಾರೆ ಹತ್ತು ಪಾಲು ನೀರಿಗೆ ಒಂದು ಪಾಲು ಆಮ್ಲದ ಮಿತಿಯನ್ನು ಮೀರುವ ಅಗತ್ಯವಿಲ್ಲ. ಕಲ್ಲಿನ ಎಲ್ಲ ಬದಿಗಳಿಂದಲೂ ಗುಳ್ಳೆಗಳು ಹೊರಟು, ಬೂದುಬಣ್ಣದ ಗಟ್ಟಿ ನೊರೆ ಟಬ್ಬಿನ ಅಂಚಿನವರೆಗೆ ಏರುತ್ತದೆ. ಆದ್ದರಿಂದ ಟಬ್ಬಿನ ಮೇಲಿನ ಮೂರನೆಯ ಒಂದು ಭಾಗ ಖಾಲಿ ಇರಲಿ. ಅರ್ಧ ಗಂಟೆಯೊಳಗೆ ಸದ್ದು ತಗ್ಗುತ್ತ ಬಂದು, ಕೊನೆಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ ಉಳಿಯುತ್ತದೆ. ಆಗ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ, ಹೊಸ ನೊರೆ ಬರುವುದು ನಿಂತಾಗ ಆಮ್ಲ ಪೂರ್ತಿ ಸತ್ತಿದೆ ಎಂದು ತಿಳಿಯಿರಿ. ಈ ನೀರನ್ನು ಚೆಲ್ಲಿದ ಮೇಲೆ ಕಲ್ಲನ್ನು ರಭಸದ ನೀರಿನಿಂದ ತೊಳೆದರೆ ಆಮ್ಲಕ್ಕೆ ಸಡಿಲಗೊಂಡ ಪುಡಿ, ಹುಳುಗಳ ಕೊಳವೆಗಳು ಉದುರಿಹೋಗುತ್ತವೆ.

ವಿನೆಗರ್ ಸಾಲದೇ ಎಂದು ಕೇಳುವವರು ಬಹಳ. 5 ಶೇಕಡದ ವಿನೆಗರ್ ಲೀಟರಿಗೆ ಹೆಚ್ಚೆಂದರೆ 40 ಗ್ರಾಂ ಕಲ್ಲನ್ನು ಕರಗಿಸುತ್ತದೆ, ಅದೂ ಬಹಳ ನಿಧಾನವಾಗಿ. ಒಂದು ಲೀಟರ್ ಆಮ್ಲದ ಕೆಲಸಕ್ಕೆ ಹತ್ತು ಲೀಟರಿಗಿಂತ ಹೆಚ್ಚು ವಿನೆಗರ್ ಬೇಕು. ಒಂದೆರಡು ಸಣ್ಣ ಕಲ್ಲುಗಳಿಗಾದರೆ ಸರಿ, 20 ಕಿಲೋಗೆ ಅದು ಹೊಂದುವುದಿಲ್ಲ. ಬಳಸಿದರೆ ಚೆನ್ನಾಗಿ ತೊಳೆಯಿರಿ, ಉಳಿದ ಅಸಿಟೇಟ್ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ತೊಟ್ಟಿಯ ನೀರು ಹಾಲಿನಂತೆ ಬಿಳಿಚಿಕೊಳ್ಳುತ್ತದೆ.

ಆಮ್ಲ ಬಳಸಿದರೂ ಬಿಟ್ಟರೂ ಮುಂದಿನ ಹಂತ ಎಲ್ಲರಿಗೂ ಒಂದೇ: ಉಪ್ಪುನೀರಿನಲ್ಲಿ ಹದಗೊಳಿಸುವುದು. ಇದನ್ನು ಪ್ರದರ್ಶನದ ತೊಟ್ಟಿಯಲ್ಲಿ ಮಾಡದೆ ಬೇರೆ ಡ್ರಮ್ಮಿನಲ್ಲಿ ಮಾಡುವುದು ಒಳ್ಳೆಯದು. ತೊಳೆಯುವುದಕ್ಕೆ ನಲ್ಲಿಯ ನೀರು ಆದೀತು, ಇಲ್ಲಿಂದ ಮುಂದೆ ಆರ್‌ಒ ನೀರನ್ನು, ಸಾಧ್ಯವಾದರೆ ಉಳಿದ ಲವಣಗಳನ್ನೂ ಹಿಡಿಯುವ ಡಿಐ ರಾಳದ ಮೂಲಕವೂ ಹಾಯಿಸಿದ ನೀರನ್ನೇ ಬಳಸಿ. ನಲ್ಲಿಯ ನೀರಿನಲ್ಲಿ ಫಾಸ್ಫೇಟ್, ಸಿಲಿಕೇಟ್, ತಾಮ್ರ ಇರಬಹುದು. ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣತೆ 25ರಿಂದ 27 ಡಿಗ್ರಿ, ಬಲವಾದ ಪವರ್‌ಹೆಡ್ (ನೀರನ್ನು ಓಡಾಡಿಸುವ ಮುಳುಗು ಪಂಪು), ಮುಚ್ಚಿದ ಮುಚ್ಚಳ. ವಾರಕ್ಕೊಮ್ಮೆ ಫಾಸ್ಫೇಟ್ ಅಳೆಯಿರಿ. ಮಟ್ಟ ಹೆಚ್ಚಿದ್ದರೆ ಜಿಎಫ್‌ಒ ಎಂಬ ಕಬ್ಬಿಣದ ಆಕ್ಸೈಡಿನ ಕಾಳುಗಳ ಮೂಲಕ ನೀರನ್ನು ಹಾಯಿಸಬಹುದು. ಬಹಳ ಹೆಚ್ಚಿದ್ದರೆ ಲ್ಯಾಂಥನಮ್ ಕ್ಲೋರೈಡ್ ಎಂಬ ಲವಣದ ದ್ರಾವಣ ಅಗ್ಗ ಮತ್ತು ಶಕ್ತಿಶಾಲಿ. ಹನಿ ಹನಿಯಾಗಿ ಬಿಟ್ಟರೆ ಫಾಸ್ಫೇಟಿನೊಂದಿಗೆ ಕೂಡಿ ಬಿಳಿ ಮೋಡದಂತೆ ಗರಣೆಗಟ್ಟುತ್ತದೆ, ಸೂಕ್ಷ್ಮ ಬಟ್ಟೆಯ ಫಿಲ್ಟರಿನಲ್ಲಿ ಅದನ್ನು ಸೋಸಿ ತೆಗೆಯಬೇಕು. ಇದು ಕ್ಷಾರತೆಯನ್ನೂ ಇಳಿಸುತ್ತದೆ, ಮೀನಿನ ಕಿವಿರುಗಳಿಗೂ ಒಳ್ಳೆಯದಲ್ಲ. ಹಾಗಾಗಿ ಜೀವಿಗಳಿಲ್ಲದ ಡ್ರಮ್ಮಿನಲ್ಲಿ ಮಾತ್ರ ಬಳಸಿ. ಲ್ಯಾಂಥನಮ್ ಔಷಧ ನಿಲ್ಲಿಸಿ, ಜಿಎಫ್‌ಒ ಕಾಳುಗಳನ್ನು ತೆಗೆದು, ಒಂದು ವಾರ ಸುಮ್ಮನೆ ಬಿಟ್ಟು ಅಳೆದಾಗಲೂ ಮಟ್ಟ ಏರದೆ 0.1ರ ಒಳಗೇ ನಿಂತರೆ ಕಲ್ಲು ಸಿದ್ಧ. ಔಷಧ ಹಾಕಿದ ಮರುದಿನದ ಅಳತೆಯನ್ನು ನಂಬಿ ಕಲ್ಲನ್ನು ತೊಟ್ಟಿಗಿಟ್ಟವರೇ ಆಮೇಲೆ ಪಾಚಿಯ ಕಾಟಕ್ಕೆ ಸಿಲುಕುವುದು.

ಕಲ್ಲು ಜೋಡಿಸುವ ಬಗ್ಗೆ ಎರಡು ಮಾತು. ಒಂದು ಗ್ಯಾಲನ್ನಿಗೆ ಒಂದು ಪೌಂಡ್, ಅಂದರೆ ಲೀಟರಿಗೆ ಸುಮಾರು 120 ಗ್ರಾಂ ಎಂಬ ಹಳೆಯ ಲೆಕ್ಕದಲ್ಲಿ ನಿಮಗೆ 24 ಕಿಲೋ ಬೇಕು. ರಂಧ್ರಗಳು ಹೆಚ್ಚಿರುವ ಹಗುರ ಕಲ್ಲಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ, 12ರಿಂದ 15 ಕಿಲೋ ಸಾಕಾದೀತು. ಮರಳು ಹಾಕುವ ಮೊದಲೇ ಅಡಿಕಲ್ಲುಗಳನ್ನು ತೊಟ್ಟಿಯ ತಳದ ಮೇಲೆ ನೇರವಾಗಿ ಕೂರಿಸಿ, ಇಲ್ಲವಾದರೆ ಮರಳು ಕೆದಕುವ ಮೀನು ಅಥವಾ ಸೀಗಡಿ ಕೆಳಗೆ ಬಿಲ ತೋಡಿದಾಗ ಇಡೀ ರಚನೆ ಕುಸಿಯುತ್ತದೆ. ಗಾಜಿನಿಂದ ಒಂದು ಅಂಗೈ ದೂರವಾದರೂ ಇರಲಿ. ಜೋಡಣೆಗೆ ಜೆಲ್ ರೂಪದ ಸೈನೊಅಕ್ರಿಲೇಟ್ ಅಂಟು (ಸೂಪರ್ ಗ್ಲೂ) ಮತ್ತು ಅಕ್ವೇರಿಯಂ ಎಪಾಕ್ಸಿ ಎರಡನ್ನೂ ಒಟ್ಟಿಗೆ ಬಳಸಿದರೆ ಹಿಡಿತ ಚೆನ್ನಾಗಿರುತ್ತದೆ.

ಇನ್ನು ಮೂರನೆಯ ತೊಂದರೆ. ಶುಚಿಯಾದ ಕಲ್ಲಿನಲ್ಲಿ ಈಗ ಜೀವವೇ ಇಲ್ಲ. ಮೀನು ಬಿಡುವ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಬೇರೂರಬೇಕು. ಅಮೋನಿಯಾದ ವಿಷ ರೂಪದ ಪಾಲು ಪಿಎಚ್ 7ರಲ್ಲಿ ಇರುವುದಕ್ಕಿಂತ ಸಮುದ್ರದ 8.2ರಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಸಿಹಿನೀರಿನ ಮೀನು ಸಾಕಿದ ಅನುಭವವನ್ನು ನಂಬಿ ಇಲ್ಲಿ ಅವಸರ ಮಾಡುವಂತಿಲ್ಲ. ಮೀನಿಲ್ಲದೆಯೇ ಈ ಹಂತವನ್ನು ದಾಟುವುದು ಮೀನಿನ ಹಿತಕ್ಕೂ ನಿಮ್ಮ ನೆಮ್ಮದಿಗೂ ಒಳ್ಳೆಯದು. ಶುದ್ಧ ಅಮೋನಿಯಂ ಕ್ಲೋರೈಡನ್ನು 200 ಲೀಟರಿಗೆ ಸುಮಾರು 1.25 ಗ್ರಾಂ ಕರಗಿಸಿದರೆ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಹಾಕಿದರೆ ಬೇಗ ಆಗುವುದಿಲ್ಲ, ತಡವಾಗುತ್ತದೆ. ಅಮೋನಿಯಾ ಇಳಿದಂತೆ ಮತ್ತೆ ಅಷ್ಟೇ ಪ್ರಮಾಣ ಹಾಕುತ್ತ, 2 ಮಿಲಿಗ್ರಾಂ ಹಾಕಿದ 24 ಗಂಟೆಗಳೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮುಂದುವರಿಸಿ. ಹೊರಗಿನಿಂದ ಸೂಕ್ಷ್ಮಜೀವಿಗಳ ಬೀಜ ಹಾಕದಿದ್ದರೆ ಇದಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ದೀಪ ಹಚ್ಚಬೇಡಿ, ಬ್ಯಾಕ್ಟೀರಿಯಾಗಳಿಗೆ ಅದು ಬೇಕಿಲ್ಲ, ಪಾಚಿಗೆ ಬೇಕು. ನೈಟ್ರೈಟ್ ಇರುವಾಗ ನೈಟ್ರೇಟ್ ಪರೀಕ್ಷೆ ಇಲ್ಲದ ಅಂಕಿಯನ್ನು ತೋರಿಸುವುದರಿಂದ ಅದನ್ನು ಆಮೇಲೆ ಅಳೆಯಿರಿ.

ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಈ ಕಾಲವನ್ನು ಕಡಿಮೆ ಮಾಡುತ್ತದೆ ನಿಜ. ಆದರೆ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ತಂದ ಮುಷ್ಟಿ ಗಾತ್ರದ ಲೈವ್ ರಾಕ್ (ಜೀವಿಗಳು ನೆಲೆಸಿರುವ ಹಸಿ ಕಲ್ಲು) ಅಥವಾ ಒಂದು ಬಟ್ಟಲು ಮರಳು ಕೊಡುವ ವೈವಿಧ್ಯವನ್ನು ಅದು ಕೊಡಲಾರದು. ಅಮೋನಿಯಾವನ್ನು ಅರಗಿಸುವುದು ಬ್ಯಾಕ್ಟೀರಿಯಾಗಳು ಮಾತ್ರ ಎಂಬ ನಂಬಿಕೆ ಬಹುಕಾಲ ಇತ್ತು. 2005ರಲ್ಲಿ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಏಕಕೋಶ ಜೀವಿಗಳ ಆರ್ಕಿಯ ಗುಂಪಿನ ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಜೀವಿಯೂ ಅದೇ ಕೆಲಸ ಮಾಡುತ್ತದೆ ಎಂದು ಪ್ರಕಟಿಸಿದರು, ಅದು ಸಿಕ್ಕಿದ್ದು ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಸಮುದ್ರ ತೊಟ್ಟಿಯೊಂದರ ಜಲ್ಲಿಯಲ್ಲಿ. ಇಂತಹ ಎಷ್ಟೋ ಜೀವಿಗಳು ಹಳೆಯ ತೊಟ್ಟಿಯ ಒಂದು ತುಣುಕಿನಲ್ಲಿ ತಾವಾಗಿ ಬರುತ್ತವೆ. ಅವುಗಳ ಜೊತೆಗೆ ಐಪ್ಟೇಸಿಯ ಎಂಬ ಕಳೆಯಂತೆ ಹರಡುವ ಕಡಲ ಹೂ, ಗುಳ್ಳೆ ಪಾಚಿಯಂತಹ ಬೇಡದವೂ ಬರಬಹುದು. ಹಾಗಾಗಿ ಆ ತುಣುಕನ್ನು ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟು ಗಮನಿಸಿ, ಆಮೇಲೆ ಸೇರಿಸಿ.

ನಿಮ್ಮ ಕಾಲದ ಪ್ರಶ್ನೆಗೆ ಒಟ್ಟು ಲೆಕ್ಕ ಕೊಡುವುದಾದರೆ, ಬ್ಲೀಚ್ ಮತ್ತು ಒಣಗಿಸುವುದಕ್ಕೆ ಮೂರು ವಾರ, ಅಳತೆಗೆ ಎರಡು ವಾರ, ಹದಗೊಳಿಸಲು ಕಲ್ಲನ್ನು ಅವಲಂಬಿಸಿ ನಾಲ್ಕರಿಂದ ಎಂಟು ವಾರ. ಅಮೋನಿಯಾದ ಹಂತವನ್ನು ಹದಗೊಳಿಸುವ ಡ್ರಮ್ಮಿನಲ್ಲೇ ಆರಂಭಿಸಬಹುದಾದ್ದರಿಂದ ಎರಡೂ ಒಟ್ಟಿಗೆ ಸಾಗುತ್ತವೆ. ಹೀಗಾಗಿ, ನಡುವೆ ಆಗುವ ತಡವನ್ನೂ ಸೇರಿಸಿ, ಮೊದಲ ಮೀನಿಗೆ ಎರಡೂವರೆಯಿಂದ ಮೂರೂವರೆ ತಿಂಗಳು ಎಂದಿಟ್ಟುಕೊಳ್ಳಿ.

ಮೀನು ಬಿಟ್ಟು ದೀಪ ಹಚ್ಚಿದ ಮೇಲೆ ಕಲ್ಲು ಬಿಳಿಯಾಗಿ ಉಳಿಯುವುದಿಲ್ಲ. ಮೊದಲು ಡಯಾಟಮ್‌ಗಳೆಂಬ ಸೂಕ್ಷ್ಮ ಪಾಚಿಗಳ ಕಂದು ಪುಡಿ, ಆಮೇಲೆ ಹಸಿರು ಪಾಚಿಯ ತೆಳು ಪದರ ಬರುವುದು ಸಹಜ. ಬಸವನಹುಳುಗಳನ್ನು ಬಿಟ್ಟು ಕಾಯಬೇಕು, ಕಲ್ಲು ಹೊರತೆಗೆದು ತಿಕ್ಕಬಾರದು. ಈ ಹಂತದಲ್ಲಿ ಹೆಚ್ಚು ಹಾನಿ ಮಾಡುವುದು ನೈಟ್ರೇಟ್ ಮತ್ತು ಫಾಸ್ಫೇಟನ್ನು ಸೊನ್ನೆಗೆ ಇಳಿಸುವ ಹಠ. ಆಮ್ಲದಲ್ಲಿ ತೊಳೆದ ಕಲ್ಲಿನ ಹೊಸ ಮೇಲ್ಮೈ ಖಾಲಿಯಾಗಿರುವುದರಿಂದ ಅದು ನೀರಿನಲ್ಲಿರುವ ಫಾಸ್ಫೇಟನ್ನು ತಾನೇ ಹೀರತೊಡಗುತ್ತದೆ. ಅದರ ಮೇಲೆ ಜಿಎಫ್‌ಒ ಕೂಡ ಓಡುತ್ತಿದ್ದರೆ ಎರಡೂ ಪೋಷಕಗಳು ಇಲ್ಲವಾಗಿ, ಸಾಮಾನ್ಯ ಪಾಚಿಯೂ ಬೆಳೆಯಲಾರದ ಆ ಜಾಗವನ್ನು ಡೈನೊಫ್ಲ್ಯಾಜಲೇಟ್‌ಗಳೆಂಬ ಏಕಕೋಶ ಜೀವಿಗಳು ಆಕ್ರಮಿಸುತ್ತವೆ. ಗುಳ್ಳೆಗಳನ್ನು ಹಿಡಿದುಕೊಂಡ ಕಂದು ಲೋಳೆಯ ಎಳೆಗಳು ಕಲ್ಲಿನ ಮೇಲೆ ಹಗಲು ಹೆಚ್ಚಾಗಿ, ರಾತ್ರಿ ಕಡಿಮೆಯಾಗಿ ಕಂಡರೆ ಅವೇ ಇರಬೇಕು. ಅವನ್ನು ಓಡಿಸುವುದು ಕೂದಲು ಪಾಚಿಗಿಂತ ಬಹಳ ಕಷ್ಟ. ಕಲ್ಲು ತೊಟ್ಟಿ ಸೇರಿದ ದಿನದಿಂದ ಜಿಎಫ್‌ಒ ತೆಗೆದಿಡಿ, ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ ಆಸುಪಾಸಿನಲ್ಲೂ ಫಾಸ್ಫೇಟ್ 0.05 ಆಸುಪಾಸಿನಲ್ಲೂ ಇರಲಿ. ಅದಕ್ಕಿಂತ ಕೆಳಗಿಳಿದರೆ ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಿ. ನೇರಳೆ ಬಣ್ಣದ ಕೋರಲೈನ್ ಪಾಚಿಯ ಚುಕ್ಕೆಗಳು ಕಲ್ಲಿನ ಮೇಲೆ ತಾವಾಗಿ ಹರಡತೊಡಗಿದಾಗ ಗಟ್ಟಿಮುಟ್ಟಾದ ಮೃದು ಹವಳಗಳಿಂದ ಆರಂಭಿಸಬಹುದು. ಸುಣ್ಣದ ಗಟ್ಟಿ ಗೂಡು ಕಟ್ಟುವ ಕಲ್ಲು ಹವಳಗಳನ್ನು ಕ್ಷಾರತೆ, ಕ್ಯಾಲ್ಸಿಯಂ, ಫಾಸ್ಫೇಟ್ ಮೂರೂ ಕೆಲವು ತಿಂಗಳು ಏರುಪೇರಿಲ್ಲದೆ ನಿಂತ ಮೇಲೆ ತನ್ನಿ.